ನನ್ನ ಮುಖವೂ ಗೆಡ್ಡೆ ಕೊಳೆ ರೋಗವೂ

1994ನೇ ಇಸವಿ ನನಗೆ ಆಗಿಬರಲಿಲ್ಲ. ಮೇ ತಿಂಗಳಲ್ಲಿ ಮನಿಲಾದಲ್ಲಿ ಸುಷ್ಮಿತಾ ಸೇನ್ ಭುವನಸುಂದರಿಯಾದರು. ದಿಲ್ಲಿ ಹುಡುಗಿ, ಅಲ್ಲಿ ಏನೇನು ಅನುಕೂಲ ಇರುತ್ತದೋ ಅಂತ ಅದನ್ನು ಹೇಗೋ ನುಂಗಿಕೊಂಡೆ. ಆದರೆ ನವೆಂಬರ್ 19ಕ್ಕೆ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಐಶ್ವರ್ಯಾ ರೈ ವಿಶ್ವಸುಂದರಿಯಾದಾಗ ತಡೆಯಲಾಗಲಿಲ್ಲ. ಆಕೆ ಹುಟ್ಟಿದ್ದು ಮಂಗಳೂರಿನಲ್ಲಿ. ಅಂದರೆ ಕರ್ನಾಟಕದ ಕೋಟಾ ಮುಗಿದುಹೋಯಿತು, ಇನ್ನು ಹತ್ತಿಪ್ಪತ್ತು ವರ್ಷ ಕಿರೀಟ ಹಿಡಿದುಕೊಂಡು ನಮ್ಮೂರು ಬೇಗೂರಿನ ಕಡೆಗೆ ಯಾರೂ ಬರುವುದಿಲ್ಲ ಅನ್ನುವುದು ನನ್ನ ಲೆಕ್ಕಾಚಾರ. ಎರಡು ದಿನ ಊಟ ಬಿಟ್ಟೆ. ಹುಷಾರಿಲ್ಲವೇನೋ ಅಂತ ಅವ್ವ ಜೀರಿಗೆ ಕಷಾಯ ಕೊಟ್ಟಳು.

ನನಗಾಗ ಹದಿನಾರು. ಪಿಯುಸಿ ಮೊದಲ ವರ್ಷ. ಗುಂಡ್ಲುಪೇಟೆಗೆ ದಿನಾ ಬಸ್ಸು. ಬೇಗೂರು ಆಗಿನ್ನೂ ಮೈಸೂರು ಜಿಲ್ಲೆಯಲ್ಲೇ ಇತ್ತು, ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ನಾನು ಮೈಸೂರು ಜಿಲ್ಲೆಯ ಸುಂದರಿ ಅಂತ ಹೇಳಿಕೊಳ್ಳುವ ಅವಕಾಶ ಸರಕಾರ ಕಿತ್ತುಕೊಳ್ಳಲು ಇನ್ನೂ ಮೂರು ವರ್ಷ ಬಾಕಿ.

ಸುಂದರಿ ಹೌದೋ ಅಲ್ಲವೋ ಅನ್ನುವುದರಲ್ಲಿ ನನಗೇ ಒಮ್ಮತವಿರಲಿಲ್ಲ. ಬೆಳಿಗ್ಗೆ ಹೌದು ಅನ್ನಿಸುತ್ತಿತ್ತು, ಮಧ್ಯಾಹ್ನ ಅಲ್ಲ ಅನ್ನಿಸುತ್ತಿತ್ತು. ನಿರ್ಣಯ ಮಾಡಬೇಕಾದ ಕನ್ನಡಿಯೇ ಸರಿಯಿರಲಿಲ್ಲ. ಅಪ್ಪ ಗಡ್ಡ ಕೆರೆದುಕೊಳ್ಳಲು ಹಿತ್ತಿಲ ಬಾಗಿಲ ಮೊಳೆಗೆ ನೇತುಹಾಕಿದ್ದ ಅಂಗೈ ಅಗಲದ ಕನ್ನಡಿ ಅದು. ಬಲಮೂಲೆಯಲ್ಲಿ ಹಿಂಬದಿಯ ಲೇಪ ಹೋಗಿ ಕಂದು ಮಚ್ಚೆ ಬಿದ್ದಿತ್ತು. ಅದರಲ್ಲಿ ಮೂಗು ಕಂಡರೆ ಗಲ್ಲ ಕಾಣುತ್ತಿರಲಿಲ್ಲ, ಗಲ್ಲ ಕಂಡರೆ ಹಣೆ ಹೊರಗೆ. ಹೀಗಾಗಿ ನನ್ನ ಮುಖವನ್ನು ನಾನು ಕಂತಿನಲ್ಲಿ ನೋಡಿಕೊಂಡವಳು. ಕಣ್ಣಿನ ಕಂತು ಪರವಾಗಿರಲಿಲ್ಲ. ಮೂಗಿನ ಕಂತಿನಲ್ಲಿ ಯಾವಾಗಲೂ ಬಾಕಿ ಬೀಳುತ್ತಿತ್ತು. ಆ ಕಂದು ಮಚ್ಚೆ ಕನ್ನಡಿಯದು, ನನ್ನ ಕೆನ್ನೆಯದಲ್ಲ ಅಂತ ಗೊತ್ತಾಗುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿದಿತ್ತು.

ಇಷ್ಟಾದರೂ ಜಗತ್ತೆಲ್ಲ ನನ್ನನ್ನೇ ನೋಡುತ್ತಿದೆ ಅನ್ನುವುದರಲ್ಲಿ ಮಾತ್ರ ಅನುಮಾನವೇ ಇರಲಿಲ್ಲ. ಇದಕ್ಕೆ ನಮ್ಮೂರಿನ ಭೂಗೋಳವೂ ಕಾರಣ. ಮೈಸೂರಿನಿಂದ ನಂಜನಗೂಡು ದಾಟಿ ಊಟಿಗೆ ಹೋಗುವ ಹೆದ್ದಾರಿ ಬೇಗೂರಿನ ನಡುವೆಯೇ ಹಾದುಹೋಗುತ್ತದೆ. ಆಗ ಅದರ ನಂಬರು 212, ಈಗ 766. ಬೆಂಗಳೂರಿನ ಸಿನಿಮಾದವರು ಊಟಿಯಲ್ಲಿ ಹಾಡು ತೆಗೆಯಬೇಕಾದರೆ ಈ ದಾರಿಯಲ್ಲೇ ಬರಬೇಕು. ಅಂದರೆ ಕನ್ನಡ ಚಿತ್ರರಂಗದ ಅರ್ಧಕ್ಕರ್ಧ ನಿರ್ದೇಶಕರು ಯಾವತ್ತಾದರೂ ಒಂದು ದಿನ ಬೇಗೂರಿನ ಬಸ್ ನಿಲ್ದಾಣದ ಮುಂದೆ ಹಾದುಹೋಗಲೇಬೇಕು. ಕಾರಿನ ಕಿಟಕಿಯಿಂದ ನೋಡಬೇಕು. "ನಿಲ್ಸು, ನಿಲ್ಸು" ಅನ್ನಬೇಕು. ಇಷ್ಟೇ ಬಾಕಿ ಇದ್ದದ್ದು.

ಹಾಗಾಗಿ ನಾನು ಬಸ್ಸಿಗೆ ಕಾಯುವಾಗ ಮೈಸೂರಿನ ಕಡೆಗೆ ಎಡಗೆನ್ನೆ ತಿರುಗಿಸಿ ನಿಲ್ಲುತ್ತಿದ್ದೆ. ಎಡಗೆನ್ನೆ ಬಲಗೆನ್ನೆಗಿಂತ ಮೇಲು ಅಂತ ಕಂತಿನ ಕನ್ನಡಿ ಹೇಳಿತ್ತು. ಗುಂಡ್ಲುಪೇಟೆ ಬಸ್ಸು ಬರುವುದೂ ಮೈಸೂರಿನ ಕಡೆಯಿಂದಲೇ ಆದ್ದರಿಂದ, ಅದು ಬಂದು ನಿಂತದ್ದು ಓರೆಗಣ್ಣಿಗೆ ಕಾಣದೆ ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡೆ. ಒಂದು ದಿನ ನಿಜವಾಗಿಯೂ ಬೆಳ್ಳನೆಯ ಕಾರೊಂದು ನಿಂತಿತು. ಗಾಜು ಇಳಿಯಿತು. ಕಪ್ಪು ಕನ್ನಡಕದ ವ್ಯಕ್ತಿ ನನ್ನನ್ನೇ ನೋಡಿದರು. ನಾನು ಉಸಿರು ಬಿಗಿಹಿಡಿದೆ.

"ಏನಮ್ಮಾ, ಪಂಕ್ಚರ್ ಹಾಕೋರು ಎಲ್ಲಿದಾರೆ ಇಲ್ಲಿ?"

ಎಡಗೆನ್ನೆ ತೋರಿಸುತ್ತಲೇ ಬಲಗೈಯಲ್ಲಿ ಅಂಗಡಿ ತೋರಿಸಿದೆ.

ರಾತ್ರಿ ಲಾರಿಗಳ ಹಾರನ್ನನ್ನೂ ನಾನು ನನ್ನ ಖಾತೆಗೇ ಜಮಾ ಮಾಡಿಕೊಳ್ಳುತ್ತಿದ್ದೆ. ಕೇರಳದ ಡ್ರೈವರುಗಳಿಗೆ ನಮ್ಮ ಮನೆ ರಸ್ತೆಯಿಂದ ಮೂರನೆಯದು ಅಂತ ಹೇಗೆ ಗೊತ್ತಾಯಿತೋ ಅಂತ ಆಶ್ಚರ್ಯಪಡುತ್ತಿದ್ದೆ. ಈಗಿನ ಹುಡುಗಿಯರಿಗೆ ಆ ಭಾಗ್ಯ ಕಡಿಮೆ. 2009ರಿಂದ ಇದೇ ಹೆದ್ದಾರಿ ಹಾದುಹೋಗುವ ಬಂಡೀಪುರದ ಕಾಡಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರವೇ ಬಂದ್. ಆನೆ, ಚಿರತೆಗಳಿಗೆ ನಿದ್ದೆ ಸಿಕ್ಕಿತು ಅನ್ನುತ್ತಾರೆ. ಆ ಲೆಕ್ಕದಲ್ಲಿ ನನ್ನಂಥ ಎಷ್ಟು ಹುಡುಗಿಯರ ಅಭಿಮಾನಿ ಬಳಗ ಕರಗಿತೋ ಯಾರೂ ವಿಚಾರಿಸಲಿಲ್ಲ.

ಮುಂದೆ ಬಿ.ಎಡ್. ಓದುವಾಗ ಇದಕ್ಕೊಂದು ಶಾಸ್ತ್ರವೇ ಇದೆ ಅಂತ ಗೊತ್ತಾಯಿತು. ಡೇವಿಡ್ ಎಲ್ಕೈಂಡ್ ಎಂಬ ಅಮೆರಿಕದ ಮನೋವಿಜ್ಞಾನಿ 1967ರಲ್ಲೇ ಬರೆದಿದ್ದರಂತೆ: ಹದಿಹರೆಯದವರು ತಮ್ಮ ಸುತ್ತ ಒಂದು ಕಾಲ್ಪನಿಕ ಪ್ರೇಕ್ಷಕ ವರ್ಗವನ್ನು ಕಟ್ಟಿಕೊಂಡು, ಯಾವಾಗಲೂ ಅದರ ಮುಂದೆ ನಟಿಸುತ್ತಿರುತ್ತಾರೆ ಅಂತ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬ್ಯಾರಿ ಮ್ಯಾನಿಲೊ ಎಂಬ ಗಾಯಕನ ದೊಡ್ಡ ಮುಖ ಅಚ್ಚಾದ ಟೀ ಶರ್ಟನ್ನು ವಿದ್ಯಾರ್ಥಿಗಳಿಗೆ ತೊಡಿಸಿ, ತುಂಬಿದ ಕೋಣೆಯೊಳಕ್ಕೆ ಕಳಿಸಿದರು. ಆ ವಯಸ್ಸಿನವರಿಗೆ ಅದನ್ನು ತೊಡುವುದೇ ಅವಮಾನ. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ತೊಟ್ಟವರ ಅಂದಾಜು. ನಿಜಕ್ಕೂ ಗಮನಿಸಿದವರು ಕಾಲುಭಾಗ. ಅಷ್ಟು ಖರ್ಚು ಮಾಡುವ ಬದಲು ಆ ಪ್ರೊಫೆಸರು 1995ರಲ್ಲಿ ಬೇಗೂರು ಬಸ್ ನಿಲ್ದಾಣಕ್ಕೆ ಬಂದಿದ್ದರೆ ಟೀ ಶರ್ಟೂ ಬೇಕಾಗುತ್ತಿರಲಿಲ್ಲ, ಕಾಲುಭಾಗವೂ ಸಿಗುತ್ತಿರಲಿಲ್ಲ.

ಜಗತ್ತು ತಾನಾಗಿ ನೋಡದಿದ್ದರೆ ನೋಡುವಂತೆ ಮಾಡಬೇಕು. ಅದಕ್ಕೆ ನಾನು ಹಿಡಿದ ದಾರಿ ಸಾಹಿತ್ಯ.

ಗ್ರಂಥಾಲಯದಲ್ಲಿದ್ದ ತ್ರಿವೇಣಿಯವರ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದ್ದೆ. ಮನಃಶಾಸ್ತ್ರ ಓದಿಕೊಂಡು, ಹೆಂಗಸರ ಒಳಗನ್ನು ಅಷ್ಟು ಬಲ್ಲವರಾಗಿ ಬರೆದು, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ಹೋದ ಆ ಮೈಸೂರಿನ ಲೇಖಕಿಯಿಂದ ಕಲಿಯುವುದು ಬೇಕಾದಷ್ಟಿತ್ತು. ನಾನು ಕಲಿತದ್ದು ಬೇರೆ. 'ಬೆಕ್ಕಿನ ಕಣ್ಣು' ಓದಿ, ಕಣ್ಣಿನಿಂದಾಗಿಯೇ ಕಷ್ಟಪಡುವ ಆ ಹುಡುಗಿಯ ಮೇಲೆ ಮರುಕ ಬರುವ ಬದಲು ಹೊಟ್ಟೆಕಿಚ್ಚು ಬಂತು. ಅವಳ ಕಣ್ಣಿನ ಮೇಲೆ ಒಂದು ಕಾದಂಬರಿಯೇ ಇದೆ. ನನ್ನದರ ಮೇಲೆ ಒಂದು ವಾಕ್ಯವೂ ಇಲ್ಲ. ನಾಲ್ಕು ದಿನ ಕನ್ನಡಿಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದೆ. ಬೆಕ್ಕಿನದಾಗಲಿಲ್ಲ. ಕಣ್ಣು ಬಂದಿದೆಯೇನೋ ಅಂತ ಅವ್ವ ನಂದಿಬಟ್ಟಲು ಹೂವು ಹುಡುಕಿಕೊಂಡು ಹೋದಳು.

ಕೊನೆಗೆ ನಾನೇ ಒಂದು ಸಣ್ಣಕತೆ ಬರೆದೆ. ನಾಯಕಿಯ ಹೆಸರನ್ನು ಇಲ್ಲಿ ಬರೆಯಲು ಈಗಲೂ ಧೈರ್ಯ ಸಾಲದು. ನಾಲ್ಕಕ್ಷರ, ಅದರಲ್ಲಿ ಎರಡು ಒತ್ತಕ್ಷರ ಅಂತಷ್ಟೇ ಹೇಳುತ್ತೇನೆ. ಚೆಲುವೆ. ಮೊಣಕಾಲು ಮುಟ್ಟುವ ಜಡೆ. ಆಕೆ ನಡೆದರೆ ಹುಡುಗರು ಸೈಕಲ್ಲಿನಿಂದ ಬೀಳುತ್ತಾರೆ. ಮೊದಲ ಪುಟದಲ್ಲೇ ಮೂವರು ಬಿದ್ದಿದ್ದರು. ಪ್ರತಿ ಪ್ಯಾರಾದಲ್ಲೂ ಒಮ್ಮೆ ಕನ್ನಡಿ ನೋಡಿಕೊಳ್ಳುತ್ತಾಳೆ, ಗೆಳತಿಯರನ್ನು "ನಾನು ಹೇಗೆ ಕಾಣ್ತೀನಿ, ನಿಜ ಹೇಳ್ರೇ" ಅಂತ ಕೇಳುತ್ತಾಳೆ. ಅವರು ನಿಜ ಹೇಳಿದರೆ ಮಾತು ಬಿಡುತ್ತಾಳೆ. ಅಮೆರಿಕದಿಂದ ಬಂದ ಡಾಕ್ಟರು ಮದುವೆಗೆ ಕೇಳುತ್ತಾನೆ. ಆದರೆ ಅವನು ಅವಳ ಹೊಸ ಓಲೆಯನ್ನು ಗಮನಿಸುವುದಿಲ್ಲ. ಮನನೊಂದ ನಾಯಕಿ ಏಪ್ರಿಲ್ ತಿಂಗಳ ಒಂದು ಸಂಜೆ ಗುಂಡ್ಲು ಹೊಳೆಗೆ ಹಾರಿ ಪ್ರಾಣ ಕಳೆದುಕೊಳ್ಳುತ್ತಾಳೆ.

ಇಲ್ಲಿ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುವ ಈ ಗುಂಡ್ಲು ಮಳೆ ನಂಬಿದ ಹೊಳೆ. ಏಪ್ರಿಲ್‌ನಲ್ಲಿ ಅದಕ್ಕೆ ಹಾರಿದರೆ ಮಂಡಿ ತರಚಬಹುದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಬೇಸಿಗೆ ರಜದಲ್ಲಿ ನಾವು ಲಗೋರಿ ಆಡುತ್ತಿದ್ದದ್ದೇ ಅಂಥ ಹೊಳೆದಂಡೆಯ ಮರಳಲ್ಲಿ. ಆದರೆ ದುರಂತದ ಭರದಲ್ಲಿ ನೀರಿನ ಮಟ್ಟ ನೋಡಲು ಪುರುಸೊತ್ತಿರಲಿಲ್ಲ.

ಕತೆಯನ್ನು ಒಂದು ಪತ್ರಿಕೆಗೆ ಕಳಿಸಿದೆ. ಫೆಬ್ರವರಿಯಲ್ಲಿ ಪೋಸ್ಟ್‌ಕಾರ್ಡು ಬಂತು. ನಿಮ್ಮ ಬರಹ ಸ್ವೀಕೃತವಾಗಿದೆ, ಪ್ರಕಟಣೆಗಾಗಿ ಪಾಸ್‌ಪೋರ್ಟ್ ಅಳತೆಯ ಒಂದು ಭಾವಚಿತ್ರ ಕಳಿಸಿ.

ಬರಹ ಅಂತ ಇತ್ತು, ಕತೆ ಅಂತ ಇರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಆದರೆ ಭಾವಚಿತ್ರ ಎಂಬ ಶಬ್ದದ ಆಚೆಗೆ ಯಾವ ಅಕ್ಷರವೂ ನನ್ನ ಕಣ್ಣಿಗೆ ಬೀಳಲಿಲ್ಲ. ಮರುದಿನವೇ ಗುಂಡ್ಲುಪೇಟೆಯ ಸ್ಟುಡಿಯೋಗೆ ಹೋಗುವುದೆಂದಾಯಿತು. ಇರುವುದು ಒಂದೇ ರಾತ್ರಿ. ಹದಿನಾರು ವರ್ಷದ ಬಣ್ಣ ಅಷ್ಟರಲ್ಲಿ ಬದಲಾಗಬೇಕು.

ಫೆಬ್ರವರಿ ಅಂದರೆ ನಮ್ಮ ಕಡೆ ಅರಿಶಿನ ಕೀಳುವ ಕಾಲ. ಮೇ, ಜೂನ್‌ನಲ್ಲಿ ನಾಟಿ ಮಾಡಿದ್ದು ಎಂಟೊಂಬತ್ತು ತಿಂಗಳಿಗೆ ಬರುತ್ತದೆ. ಅಗೆದು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿ ಈರೋಡ್ ಮಾರುಕಟ್ಟೆಗೆ ಸಾಗಿಸುವವರೆಗೆ ಮನೆ, ಹೊಲ, ಕೈ, ಕಾಲು, ಎತ್ತಿನ ಕೊಂಬು ಎಲ್ಲಾ ಹಳದಿ. ಮುಖಕ್ಕೆ ಹಚ್ಚಿಕೊಳ್ಳುವ ಅರಿಶಿನವೇ ಬೇರೆ, ಅದು ಕಸ್ತೂರಿ ಅರಿಶಿನ, ಪರಿಮಳ ಜಾಸ್ತಿ, ಬಣ್ಣ ಕಮ್ಮಿ. ಅಜ್ಜಿಯ ಡಬ್ಬದಲ್ಲಿ ಅದು ಇತ್ತು. ಆದರೆ ಬಣ್ಣ ಕಮ್ಮಿ ಇರುವುದರಿಂದ ಗುಣವೂ ಕಮ್ಮಿಯೇ ಇರಬೇಕು, ಈರೋಡಿನ ವ್ಯಾಪಾರಿಗಳು ಬಣ್ಣ ನೋಡಿಯೇ ತಾನೆ ರೇಟು ಕಟ್ಟುವುದು ಅಂತ ನಾನು ತರ್ಕ ಮಾಡಿದೆ. ಹೊಲದಿಂದ ಅಂದೇ ಕಿತ್ತ ಹಸಿ ಕೊಂಬುಗಳನ್ನು ತಂದು ಒರಳಿಗೆ ಹಾಕಿ ಅರೆದೆ. ಹಾಲಿನ ಕೆನೆ ಕಲಸಿದೆ. ಮುಖ, ಕತ್ತು, ಕಿವಿ, ಕಿವಿಯ ಹಿಂದೆ, ಎಲ್ಲೂ ಬಿಡದೆ ಮೆತ್ತಿ, ಅಪ್ಪನ ಟವೆಲು ಸುತ್ತಿಕೊಂಡು ಮಲಗಿದೆ.

ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. ಅದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅಂದರೆ ಕೆನೆ ಕಲಸುವ ಮೂಲಕ ಅದಕ್ಕೆ ಚರ್ಮದೊಳಗೆ ಹೋಗಲು ನಾನೇ ರಸ್ತೆ ಹಾಕಿಕೊಟ್ಟಿದ್ದೆ. ಬೆಳಿಗ್ಗೆ ಎದ್ದು ನೀರು ಸುರಿದುಕೊಂಡೆ. ಏನೂ ಆಗಲಿಲ್ಲ. ಮೈಸೋಪು ಹಾಕಿದೆ. ಆಗಲಿಲ್ಲ. ಬಟ್ಟೆ ಒಗೆಯುವ ಬಾರ್ ಸೋಪು ತೆಗೆದುಕೊಂಡು ಉಜ್ಜಿದೆ. ನೊರೆ ಕೆಂಪಗಾಯಿತು!

ರಕ್ತ ಅಂದುಕೊಂಡು ಕಿರುಚಿದೆ. ಅಸಲಿಗೆ ಅದೂ ರಸಾಯನ ಶಾಸ್ತ್ರವೇ. ಕ್ಷಾರ ಸೋಕಿದರೆ ಅರಿಶಿನ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದು ಇದೇ ಲೆಕ್ಕದಲ್ಲಿ. ಬಚ್ಚಲಿನಲ್ಲಿ ನಿಂತು ನಾನು ನನ್ನ ಮುಖದ ಮೇಲೆ ಅರ್ಧ ಗಂಟೆ ಕುಂಕುಮ ತಯಾರಿಸಿದೆ, ತೊಳೆದರೆ ಮತ್ತೆ ಅರಿಶಿನ. ಬಾಗಿನಕ್ಕೆ ಬಳೆ, ಬಿಚ್ಚೋಲೆ ಎರಡೇ ಕಮ್ಮಿ.

ಕಿರುಚಿದ್ದು ಕೇಳಿ ಅಜ್ಜಿ ಬಂದಳು. ಮೊದಲು ಕೈ ಮುಗಿಯಲು ಹೊರಟವಳು ಆಮೇಲೆ ಗುರುತು ಹಿಡಿದಳು.

"ಯಾನ ಕೂಸು ಇದು, ಮಾರಿಗುಡೀಲಿ ಇರ್ಬೇಕಾದ್ದು ಬಚ್ಲಲ್ಲಿ ನಿಂತದ!"

"ಹೋಯ್ತಾನೇ ಇಲ್ಲ ಅಜ್ಜಿ!"

"ಕೊಬ್ರಿ ಎಣ್ಣ ಹಾಕಂಡು ಬಿಸುಲ್ಗ ಕೂತ್ಕ. ಸಂದ್ಗಂಟ ಕೂತ್ರ ಹೋಯ್ತದ ಕನ."

ಅಜ್ಜಿಯ ಮಾತು ನೂರಕ್ಕೆ ನೂರು ಸರಿ. ಎಣ್ಣೆಯಲ್ಲಿ ಕರ್ಕ್ಯುಮಿನ್ ಕರಗುತ್ತದೆ, ಬಿಸಿಲಿಗೆ ಅದರ ಬಣ್ಣ ಹಾರುತ್ತದೆ. ಆದರೆ ಬಿಸಿಲು!

"ಬಿಸುಲ್ಗ ಕೂತ್ರ ಕಪ್ಪಾಗೋಯ್ತಿನಲ್ಲ ಅಜ್ಜಿ!"

"ಈಗ ಯಾನ ಬೆಳ್ಗಿದ್ದಯ್ಯಾ?" ಅಂದಳು ಅಜ್ಜಿ.

ನೆರಳಲ್ಲಿ ಕೂತರೆ ಹಳದಿ, ಬಿಸಿಲಲ್ಲಿ ಕೂತರೆ ಕಪ್ಪು. ಹೊಸ್ತಿಲ ಮೇಲೆ ಕೂತು ಅತ್ತೆ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು.

ಅವತ್ತಿನ ಬಸ್ಸಿನಲ್ಲಿ ನನ್ನ ಇಷ್ಟು ವರ್ಷದ ಸಿದ್ಧಾಂತ ನಿಜವಾಯಿತು. ಎಲ್ಲರೂ ನನ್ನನ್ನೇ ನೋಡಿದರು. ನಿಂತವರು ಬಗ್ಗಿ ನೋಡಿದರು, ಮುಂದೆ ಕೂತವರು ತಿರುಗಿ ನೋಡಿದರು, ಡ್ರೈವರು ತಲೆ ಮೇಲಿನ ಕನ್ನಡಿ ಸರಿಮಾಡಿಕೊಂಡು ನೋಡಿದ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಅರಿಸ್ನ ಬಿದ್ಮ್ಯಾಲ ಮದ್ವ ಹೆಣ್ಣು ಊರ ಗಡಿ ದಾಟ್ಬಾರ್ದು ಕನವ್ವ. ನಿಮ್ಮನೇಲಿ ದೊಡ್ಡೋರು ಯಾರೂ ಇಲ್ವಾ?"

"ಮದ್ವೆ ಅಲ್ಲ, ಫೋಟೊ ತೆಗ್ಸೋಕೆ ಹೋಯ್ತಾ ಇವ್ನಿ."

"ಅಯ್ಯೋ ಶಿವ್ನೆ, ಗಂಡ್ನ ಕಡೆಯವ್ರು ಫೋಟೊನೂ ನೋಡ್ದೆ ಅರಿಸ್ನ ಹಾಕ್ಸುಬುಟ್ರಾ?"

ಕಂಡಕ್ಟರು ಟಿಕೆಟ್ ಹರಿಯುತ್ತಾ "ಹುಡುಗ ಯಾವೂರೋನು?" ಅಂದ. ಗುಂಡ್ಲುಪೇಟೆ ಬರುವಷ್ಟರಲ್ಲಿ ನಾನು ಮದುವೆ ಮನೆಯಿಂದ ಓಡಿಬಂದವಳು ಅಂತ ಹಿಂದಿನ ಸೀಟಿನಲ್ಲಿ ಪಂಚಾಯಿತಿ ತೀರ್ಮಾನವಾಗಿತ್ತು. ಇಳಿಯುವಾಗ ಬುಟ್ಟಿಯ ಹೆಂಗಸು ಒಂದು ಬಾಳೆಹಣ್ಣು ಕೊಟ್ಟು, "ಮನ್ಗ ಹೋಗು ಮಗ" ಅಂದಳು.

ಸ್ಟುಡಿಯೋದವರು ತಿಳಿದವರು. ಊಟಿಯ ಕೆರೆ ಬರೆದಿದ್ದ ಪರದೆಯ ಮುಂದೆ ಸ್ಟೂಲು ಹಾಕಿ, ಗದ್ದ ಇಳಿಸಿ, ಭುಜ ನೇರ ಮಾಡಿ, ಲೈಟು ಹಚ್ಚಿದರು. ನಾನು ಎಡಗೆನ್ನೆ ತಿರುಗಿಸಿದೆ. ಪಾಸ್‌ಪೋರ್ಟಿಗೆ ಎರಡು ಕಿವಿಯೂ ಬೇಕು ಅಂದರು. ಹೇಳುವಾಗ ಗಂಟಲು ಕಟ್ಟಿಬಂದರೂ ಬಣ್ಣದ ವಿಷಯ ತೆಗೆದೆ.

"ಕಪ್ಪುಬಿಳುಪು ಫೋಟೊ ಕಣಮ್ಮ. ಅದ್ರಲ್ಲಿ ಹಳದಿ ಏನು, ಕೆಂಪೇನು, ಎಲ್ಲಾ ಬೂದಿನೇ."

ರಾತ್ರಿಯಿಡೀ ಅರೆದದ್ದು, ಕಲಸಿದ್ದು, ಬಾರ್ ಸೋಪು, ಬಾಳೆಹಣ್ಣು, ಎಲ್ಲಾ ಬೂದಿ.

ಪತ್ರಿಕೆಯವರು ತಕ್ಷಣ ಹಾಕಲಿಲ್ಲ. ಮುಖದ ಹಳದಿ ವಾರದಲ್ಲಿ ಹೋಯಿತು. ಉಗುರಿನದು ಯುಗಾದಿಯವರೆಗೆ ಇತ್ತು. ಕತೆ ಬಂದದ್ದು ಶ್ರಾವಣದಲ್ಲಿ, ಒಂದು ಭಾನುವಾರ. ಹೋಟೆಲಿನಿಂದ ಅಪ್ಪ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಏನೂ ಹೇಳದೆ ಜಗಲಿಯ ಮೇಲೆ ಇಟ್ಟು, ಎಮ್ಮೆಗೆ ನೀರು ತೋರಿಸಲು ಹೋದರು. ಅಪ್ಪ ಮಾತಾಡದಿದ್ದರೆ ಏನೋ ಆಗಿದೆ ಅಂತಲೇ ಲೆಕ್ಕ.

ಕತೆ ಇತ್ತು. ನನ್ನ ಹೆಸರೂ ಇತ್ತು. ಶೀರ್ಷಿಕೆಯ ಮೇಲೆ ಸಣ್ಣ ಚೌಕದಲ್ಲಿ 'ನಗೆಬರಹ' ಅಂತ ಇತ್ತು. ಗುಂಡ್ಲು ಹೊಳೆಗೆ ಹಾರುವ ಕಡೆ ಒಂದು ವ್ಯಂಗ್ಯಚಿತ್ರ: ಜಡೆಯ ಹುಡುಗಿ ಒಣಮರಳಿನಲ್ಲಿ ತಲೆಕೆಳಗಾಗಿ ನೆಟ್ಟಿದ್ದಾಳೆ, ಪಕ್ಕದಲ್ಲಿ ಮೇಕೆಯೊಂದು ನೋಡುತ್ತಿದೆ. ಲೇಖಕಿಯ ಭಾವಚಿತ್ರವಿರಬೇಕಾದ ಜಾಗದಲ್ಲಿ ದಪ್ಪ ಮೀಸೆಯ, ಐವತ್ತು ದಾಟಿದ ಮಹನೀಯರೊಬ್ಬರಿದ್ದರು.

ನಾನು ಎಲ್ಲಿ?

ಹಾಳೆ ತಿರುಗಿಸಿದೆ. ಎದುರು ಪುಟ ಕೃಷಿಯದು. 'ಅರಿಶಿನಕ್ಕೆ ಗೆಡ್ಡೆ ಕೊಳೆ ರೋಗ: ಲಕ್ಷಣ ಮತ್ತು ಹತೋಟಿ'. ಅದರ ಕೆಳಗೆ ಎರಡು ಕಿವಿಯೂ ಕಾಣುವಂತೆ, ಗದ್ದ ಇಳಿಸಿಕೊಂಡು, ನಾನು. ನನ್ನ ಮುಖಕ್ಕೆ ಒತ್ತಿಕೊಂಡೇ ಲೇಖನದ ಮೊದಲ ಸಾಲು ಶುರುವಾಗುತ್ತಿತ್ತು. ರೋಗ ತಗಲಿದ್ದು ಅಂಚಿನಿಂದ ಹಳದಿಗಟ್ಟುತ್ತಾ ಬರುತ್ತದೆ ಅಂತ. ಎಲೆಗಳ ವಿಷಯ ಅನ್ನುವುದು ಎರಡನೇ ಸಾಲಿನಲ್ಲಿತ್ತು. ನಮ್ಮ ಬೀದಿಯಲ್ಲಿ ಎರಡನೇ ಸಾಲಿನವರೆಗೆ ಓದುವ ತಾಳ್ಮೆ ಯಾರಿಗೂ ಇರಲಿಲ್ಲ.

ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ಕರೆಸಿದರು. "ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಷ್ಟು ಜಂಬದ, ಅಷ್ಟು ಪುಕ್ಕಲು ಹುಡುಗಿ! ಎಲ್ಲಿ ನೋಡಿದೆಯಮ್ಮಾ ಅವಳನ್ನ?" ಅಂದರು.

"ಬಸ್ ಸ್ಟ್ಯಾಂಡಲ್ಲಿ ಸಾರ್" ಅಂದೆ.

ಮುಂದಿನ ವಾರ ಓದುಗರ ಪತ್ರಗಳಲ್ಲಿ ಒಬ್ಬರು ಮೀಸೆಯ ಮಹನೀಯರನ್ನು ಮನಸಾರೆ ಹೊಗಳಿದ್ದರು. ಹೆಣ್ಣುಮಕ್ಕಳ ಹೆಸರಿನಲ್ಲಿ ಬರೆದರೂ ಪ್ರಬುದ್ಧ ಪುರುಷನ ವಿಡಂಬನೆ ಮುಚ್ಚಿಡಲಾಗಲಿಲ್ಲ ಅಂತ. ಹೊಟ್ಟೆ ಉರಿಯಿತು. ದುರಂತ ಬರೆದದ್ದು ನಾನು, ನಗಿಸಿದ ಕೀರ್ತಿ ಅವರಿಗೆ. ಅವರ ರೋಗ ನನಗೆ.

ಆ ರೋಗ ನನಗೆ ನಿಜವಾಗಿಯೂ ಅಂಟಿಕೊಂಡಿತು. ಪೇಪರು ಬಂದ ಮೂರನೇ ದಿನ ಪಕ್ಕದೂರಿನ ರೈತರೊಬ್ಬರು ಕೊಳೆತ ಗೆಡ್ಡೆಯೊಂದನ್ನು ಟವೆಲಿನಲ್ಲಿ ಕಟ್ಟಿಕೊಂಡು ಜಗಲಿಗೆ ಬಂದರು. "ಪೇಪರ್ಲಿ ಬಂದಿತ್ತಲ್ಲ, ಆ ಮೇಡಮ್ಮು ಇದೇ ಮನೇನಾ? ಗಿಡ ಎಲ್ಲ ಹಳದಿಯಾಗಿ ಬಿದ್ದೋಯ್ತಾವ. ಯಾನ ಹುಯ್ಯದು?"

ನನ್ನನ್ನು ಅವತ್ತಿನವರೆಗೆ ಯಾರೂ ಮೇಡಮ್ಮು ಅಂದಿರಲಿಲ್ಲ. ನಾನಲ್ಲ ಅನ್ನಲು ಬಾಯಿ ಬರಲಿಲ್ಲ. ಆ ಲೇಖನವನ್ನು, ನನ್ನ ಚಿತ್ರ ಇದ್ದ ಕಾರಣಕ್ಕೆ, ಬಾಯಿಪಾಠ ಬರುವಷ್ಟು ಸಲ ಓದಿದ್ದೆ. ಗೆಡ್ಡೆ ಮೂಸಿ ನೋಡಿ, ಗಂಭೀರವಾಗಿ, "ಹೊಲದಲ್ಲಿ ನೀರು ನಿಲ್ತದಾ?" ಅಂದೆ. ಅವರು ತಲೆದೂಗಿದರು. ಮಾತಾಡುವಾಗಲೆಲ್ಲ ಅವರು ಗೆಡ್ಡೆಯನ್ನೇ ನೋಡುತ್ತಿದ್ದರು. ನನ್ನ ಯಾವ ಕೆನ್ನೆ ಅವರ ಕಡೆಗಿತ್ತು ಅಂತ ಅವರೂ ಗಮನಿಸಲಿಲ್ಲ, ನನಗೂ ನೆನಪಿಲ್ಲ.

1996ರ ನವೆಂಬರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಬಂತು. ಊರೆಲ್ಲ ಪ್ರತಿಭಟನೆ, ಪೊಲೀಸರು. ಕಿರೀಟ ಗ್ರೀಸಿನ ಹುಡುಗಿಗೆ ಹೋಯಿತು. ಅವತ್ತು ನಾನು ದೊಡ್ಡಪ್ಪನ ಹೊಲದಲ್ಲಿ ಬಸಿಗಾಲುವೆ ತೆಗೆಸುತ್ತಿದ್ದೆ. ಆಳುಗಳು ನನ್ನ ಮಾತು ಕೇಳುತ್ತಿದ್ದರು, ಪೇಪರ್ಲಿ ಬಂದವಳಲ್ಲವೆ.

ಈಗ ಆ ರಸ್ತೆಯಲ್ಲಿ ಮುಂಗಾರಿಗೆ ಸೂರ್ಯಕಾಂತಿ, ಚೆಂಡುಹೂವು ಅರಳಿದಾಗ ಕೇರಳದ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಹೊಲಕ್ಕಿಳಿದು ಫೋಟೊ ತೆಗೆದುಕೊಳ್ಳುವವರಿಂದ ರೈತರು ತಲೆಗಿಷ್ಟು ಅಂತ ದುಡ್ಡು ಇಸಿದುಕೊಳ್ಳುತ್ತಾರೆ. ನಮ್ಮ ಕಾಲದಲ್ಲೂ ಅದೇ ಹೂವು, ಅದೇ ರಸ್ತೆ, ಜೊತೆಗೆ ನಾನೂ ಪುಕ್ಕಟೆಯಾಗಿ ನಿಂತಿದ್ದೆ. ಪಂಕ್ಚರ್ ಆಗದೆ ಒಂದು ಕಾರೂ ನಿಲ್ಲಲಿಲ್ಲ.

ಇದನ್ನು ಓದುತ್ತಿರುವ ಅರಿಶಿನ ಬೆಳೆಗಾರರು ಇಷ್ಟು ಮಾಡಿ. ರೋಗ ಬಂದ ಹೊಲದ ಗೆಡ್ಡೆಯನ್ನು ಬಿತ್ತನೆಗೆ ಇಡಬೇಡಿ. ಮಡಿ ಎತ್ತರಿಸಿ, ನೀರು ಬಸಿಯಲು ಬಿಡಿ. ಅದೇ ಜಾಗಕ್ಕೆ ಮೇಲಿಂದ ಮೇಲೆ ಅರಿಶಿನ, ಶುಂಠಿ ಹಾಕಬೇಡಿ. ಕೊಟ್ಟಿಗೆ ಗೊಬ್ಬರದ ಜೊತೆ ಟ್ರೈಕೋಡರ್ಮಾ ಬೆರೆಸಿ ಕೊಡಿ. ಹೆಣ್ಣುಮಕ್ಕಳಿದ್ದರೆ ಕಸ್ತೂರಿ ಅರಿಶಿನದ ಡಬ್ಬ ಕೈಗೆ ಸಿಗುವ ಜಾಗದಲ್ಲಿಡಿ, ಹಸಿ ಕೊಂಬಿನ ರಾಶಿಗೆ ಬೀಗ ಹಾಕಿ.